ಟಿಕೆಟ್ ಮೇಲ್‌ಬಾಕ್ಸ್‌ನಿಂದ ವಿಳಾಸ ತೆಗೆದರೆ 41 ಸಾವಿರ ಬರುತ್ತಿದೆ, ಏನು ಎಡವಟ್ಟು?

ಟಿಕೆಟ್ ಕೌಂಟರ್:
ಮೈಸೂರಿನ ಒಂದು ಹವ್ಯಾಸಿ ನಾಟಕ ತಂಡದಲ್ಲಿ ಟಿಕೆಟ್ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದಿದೆ. ಒಂಬತ್ತು ವರ್ಷದಿಂದ ಜನ ಒಂದೇ ಜಿಮೇಲ್‌ಗೆ ಬರೆದು ಸೀಟು ಹೇಳುತ್ತಾರೆ. ಹೊಸ ನಾಟಕ ಬಂದಾಗ ಇವರಿಗೆಲ್ಲ ತಿಳಿಸಬೇಕು. ಗೂಗಲ್ ಟೇಕ್‌ಔಟ್‌ನಿಂದ ಮೇಲ್ ಪೂರ್ತಿ ಇಳಿಸಿಕೊಂಡೆ. ಎಲ್ಲ ಮೇಲ್ ಸಾಲಾಗಿ ಸೇರಿಸಿಟ್ಟ ಒಂದೇ ಎಂಬಾಕ್ಸ್ ಫೈಲು, 2 ಜಿಬಿ. ಅದರ ಮೇಲೆ ಗ್ರೆಪ್ (ಫೈಲಿನಲ್ಲಿ ಪಠ್ಯ ಹುಡುಕುವ ಕಮಾಂಡ್) ಓಡಿಸಿ @ ಇರುವುದನ್ನೆಲ್ಲ ಬಾಚಿದೆ. 41 ಸಾವಿರ ಬಂತು! ಅಷ್ಟು ಜನ ನಾಟಕಕ್ಕೆ ಬಂದಿದ್ದರೆ ನಾವು ಇನ್ನೂ ಕುರ್ಚಿ ಬಾಡಿಗೆಗೆ ತರುತ್ತಿರಲಿಲ್ಲ. ಮುಕ್ಕಾಲು ಪಾಲು ಉದ್ದುದ್ದ ಅಕ್ಷರದ ಗೊಂಚಲು, ಕೊನೆಗೆ ಮೇಲ್.ಜಿಮೇಲ್.ಕಾಮ್. ಯಾರಿವರು?

ಹಳೇ ಪೈಥಾನ್:
ಯಾರೂ ಅಲ್ಲ ಮೇಡಂ, ಅದು ಮೆಸೇಜ್ ಐಡಿ. ಪ್ರತಿ ಮೇಲ್‌ಗೂ ಒಂದು ಗುರುತು ಇರುತ್ತದೆ, ಅದರಲ್ಲೂ @ ಇದೆ. ಉತ್ತರ ಬರೆದಾಗ ಹಿಂದಿನ ಗುರುತುಗಳೂ ಸಾಲಾಗಿ ಜೊತೆಗೆ ಬರುತ್ತವೆ. ಗ್ರೆಪ್‌ಗೆ ಎಲ್ಲ ಒಂದೇ.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಇಂಥ ಫೈಲು ಓದುವ ಮೇಲ್‌ಬಾಕ್ಸ್ ಅನ್ನುವ ಮಾಡ್ಯೂಲ್ ಬರುತ್ತದೆ. ಅದರಲ್ಲಿ ಫೈಲು ತೆರೆದು, ಒಂದೊಂದು ಮೇಲ್‌ನ ಫ್ರಮ್ (ಕಳಿಸಿದವರ) ಸಾಲು ಮಾತ್ರ ಪೈಥಾನ್‌ನದೇ ಗೆಟ್‌ಅಡ್ರೆಸಸ್ ಅನ್ನುವ ಫಂಕ್ಷನ್‌ಗೆ ಕೊಡಿ. ಹೆಸರು, ವಿಳಾಸ ಬೇರೆ ಬೇರೆ ಮಾಡಿಕೊಡುತ್ತದೆ. ನೀವೇ ಕಾಮಾ ನೋಡಿ ತುಂಡು ಮಾಡಲು ಹೋಗಬೇಡಿ. 'ರಾವ್, ಕೆ.' ಅಂತ ಹೆಸರಿಟ್ಟುಕೊಂಡವರು ಒಬ್ಬರಾದರೂ ಇರುತ್ತಾರೆ. ವಿಳಾಸವನ್ನು ಸಣ್ಣಕ್ಷರಕ್ಕೆ ಇಳಿಸಿ ಸೆಟ್‌ಗೆ ಹಾಕಿ, ಒಂದೇ ವಿಳಾಸ ಎರಡು ಸಲ ಉಳಿಯುವುದಿಲ್ಲ. ನೋರಿಪ್ಲೈಗಳನ್ನು (ಯಂತ್ರ ತಾನೇ ಕಳಿಸುವ ಮೇಲ್‌ನ ವಿಳಾಸಗಳನ್ನು) ಬಿಡಿ.

ಟಿಕೆಟ್ ಕೌಂಟರ್:
1,312! ಇದು ನಂಬುವ ಲೆಕ್ಕ. ಆದರೆ ಕನ್ನಡದಲ್ಲಿ ಹೆಸರಿಟ್ಟವರೆಲ್ಲ =? ಇಂದ ಶುರುವಾಗುವ ಕಲಸುಮೇಲೋಗರ ಆಗಿದ್ದಾರೆ.

ಹಳೇ ಪೈಥಾನ್:
ಹೆಡರ್‌ನಲ್ಲಿ, ಅಂದರೆ ಫ್ರಮ್, ಟು ಥರದ ಮೇಲಿನ ಸಾಲುಗಳಲ್ಲಿ, ಮೊದಲಿಂದ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ) ಅಕ್ಷರಕ್ಕೆ ಮಾತ್ರ ಜಾಗ. ಅದಕ್ಕೇ ಕನ್ನಡವನ್ನು ಬೇಸ್64 ಅನ್ನುವ ಸಂಕೇತಕ್ಕೆ ತಿರುಗಿಸಿ ತುರುಕುತ್ತಾರೆ. ಬಿಡಿಸಲು ಪೈಥಾನ್‌ನಲ್ಲೇ ಇರುವ ಡಿಕೋಡ್_ಹೆಡರ್, ಆಮೇಲೆ ಮೇಕ್_ಹೆಡರ್ ಬಳಸಿ. ಮೊದಲು ವಿಳಾಸ ಬೇರೆ ಮಾಡಿ, ಆಮೇಲೆ ಹೆಸರು ಬಿಡಿಸಿ. ಉಲ್ಟಾ ಮಾಡಿದರೆ ಅದೇ ಕಾಮಾ ಮತ್ತೆ ಕೈಕೊಡುತ್ತದೆ.

ಬಿಸಿಸಿ ಭಕ್ತ:
ಸಿಸಿಯಲ್ಲಿ (ಪ್ರತಿ ಪಡೆದವರ ಸಾಲಿನಲ್ಲಿ) ಇದ್ದವರನ್ನು ಆಸೆಪಟ್ಟು ಸೇರಿಸಬೇಡಿ, ಅವರು ನಿಮಗೆ ಬರೆದವರಲ್ಲ. ಕಳಿಸುವಾಗ ಎಲ್ಲರೂ ಬಿಸಿಸಿಯಲ್ಲೇ ಇರಲಿ, ಆಗ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಎಲ್ಲರನ್ನೂ ಟು ಸಾಲಿಗೆ ಹಾಕಿ, ಎರಡು ದಿನ 'ರಿಪ್ಲೈ ಆಲ್' ಜಗಳ ನಡೆಯಿತು. ಮಾಮೂಲಿ ಜಿಮೇಲ್‌ನಿಂದ ದಿನಕ್ಕೆ 500 ಜನಕ್ಕಷ್ಟೇ ಹೋಗುತ್ತದೆ, ಮೂರು ದಿನಕ್ಕೆ ಹಂಚಿ.

ಟಿಕೆಟ್ ಕೌಂಟರ್:
ಸರಿ. 'ಬೇಡ ಅನ್ನುವವರು ಒಂದು ಸಾಲು ಬರೆಯಿರಿ' ಅಂತಲೂ ಹಾಕುತ್ತೇನೆ. ಸುಮ್ನೆ ಕುತೂಹಲಕ್ಕೆ ಯಾರು ಎಷ್ಟು ಸಲ ಬರೆದಿದ್ದಾರೆ ಅಂತ ಎಣಿಸಿದೆ. ಮೊದಲ ಸ್ಥಾನ ನನ್ನದೇ, ನಾನು ಕಳಿಸಿದ ಮೇಲ್‌ಗಳೂ ಫೈಲಿನಲ್ಲಿವೆಯಲ್ಲ. ಎರಡನೆಯವರು 64 ಸಲ ಬರೆದಿದ್ದಾರೆ. ಎಲ್ಲವೂ ಫ್ರೀ ಪಾಸ್ ಕೇಳಿ.