ಇಪ್ಪತ್ತು ವರ್ಷದ ಕಾಫಿ ಬಿಡಬೇಕಾ? ಅನುಭವ ಇದ್ದವರು ಹೇಳಿ

ಬೀದಿ ಕೊನೆ ಮನೆ
ಹೋದ ಭಾನುವಾರ ನನ್ನ ತಂಗಿ ಗೆಳತಿಯನ್ನು ನಮ್ಮ ಬೀದಿಯ ದರ್ಶಿನಿಗೆ ಕರೆದುಕೊಂಡು ಹೋಗಿದ್ದಳು. ಗೆಳತಿ ಟ್ರಾನ್ಸ್ ಹೆಣ್ಣುಮಗಳು. ಕ್ಯಾಷ್ ಕೌಂಟರಿನವರು ಟೋಕನ್ ಕೊಡಲಿಲ್ಲ. "ಇಲ್ಲಿ ವಸೂಲಿ ಬೇಡ, ಹೊರಗೆ ಹೋಗು" ಅಂದರಂತೆ. ಅವಳ ಕೈಯಲ್ಲಿ ಇನ್ನೂರರ ನೋಟಿತ್ತು. ಅಪ್ಪ ಇಪ್ಪತ್ತು ವರ್ಷದಿಂದ ಅಲ್ಲೇ ಕಾಫಿ ಕುಡಿಯುತ್ತಾರೆ. ಮಾಲೀಕರು ನಮ್ಮ ಗೃಹಪ್ರವೇಶಕ್ಕೂ ಬಂದಿದ್ದರು. ನಾವು ಹೋಗುವುದು ನಿಲ್ಲಿಸಬೇಕಾ? ಹೀಗೆ ನಿಲ್ಲಿಸಿದವರು ಇದ್ದೀರಾ?

ಹೋಳಿಗೆ ಅತ್ತಿಗೆ
ನಾನು ನಿಲ್ಲಿಸಿದವಳು. ಮಾವನವರ ಅರವತ್ತರ ಶಾಂತಿಗೆ ಅಡುಗೆ ಕಾಂಟ್ರಾಕ್ಟ್ ಕೊಟ್ಟಿದ್ದೆವು. ನನ್ನ ಮೈದುನ ಗೇ, ಸಂಗಾತಿಯ ಜೊತೆ ಬರುವವನಿದ್ದ. ಅಡುಗೆಯವರಿಗೆ ಅದು ಹೇಗೋ ಗೊತ್ತಾಯಿತು. "ಅವರಿಬ್ಬರನ್ನು ಮೊದಲ ಪಂಕ್ತಿಗೆ ಕೂರಿಸಬೇಡಿ, ನಮ್ಮ ಹುಡುಗರು ಬಡಿಸಲ್ಲ" ಅಂದರು. ಅವತ್ತೇ ಕ್ಯಾನ್ಸಲ್ ಮಾಡಿದೆ. ಅಡ್ವಾನ್ಸ್ 45,000 ಹೋಯಿತು, ಕೈಚೀಟಿ ಬಿಟ್ಟರೆ ರಸೀದಿ ಇರಲಿಲ್ಲ. ಒಂಬತ್ತೇ ದಿನ ಉಳಿದಿತ್ತು. ಹೊಸಬರು ಎಲೆಗೆ 310 ಅಲ್ಲ, 420 ಅಂದರು. 260 ಎಲೆಗೆ 28,600 ಜಾಸ್ತಿ. ಒಟ್ಟು 73,600 ಕೈಬಿಟ್ಟಿತು. ಸಾಲದ್ದಕ್ಕೆ ಮೂರನೇ ಪಂಕ್ತಿಗೆ ಹೋಳಿಗೆ ಮುಗಿಯಿತು. ನಲವತ್ತು ಜನಕ್ಕೆ ಬರೀ ಪಾಯಸ. ನಮ್ಮತ್ತೆ ಅದನ್ನು ಇವತ್ತಿಗೂ ಎತ್ತಿ ಆಡುತ್ತಾರೆ. ಆಡಲಿ ಬಿಡಿ. ಮೈದುನ ಮೊದಲ ಪಂಕ್ತಿಯಲ್ಲೇ ಕೂತ.

ಕತ್ತರಿ ಮಾಸ್ಟರ್
ಅತ್ತಿಗೆ, ನಿಮಗೆ 73,600 ಕಳೆದುಕೊಳ್ಳುವ ಶಕ್ತಿ ಇತ್ತು. ಬಹಿಷ್ಕಾರಕ್ಕೆ ಸಿಕ್ಕಿಕೊಂಡವನ ಕಥೆ ಕೇಳಿ. ನನ್ನದು ಮೂರು ಕುರ್ಚಿಯ ಸಲೂನು, ಬಾಡಿಗೆ 32,000. ನಾನು ಜಾತ್ರೆಗೆ ಊರಿಗೆ ಹೋಗಿದ್ದೆ. ಹೊಸ ಹುಡುಗ ಒಬ್ಬ ಗಿರಾಕಿಗೆ ಹೇಳಬಾರದ ಮಾತು ಹೇಳಿದ. ತಪ್ಪೇ, ಇಲ್ಲ ಅನ್ನಲ್ಲ. ನಾಲ್ಕು ದಿನದಲ್ಲಿ 63 ಜನ ಒಂದು ಸ್ಟಾರ್ ಒತ್ತಿದರು. 4.6 ಇದ್ದದ್ದು 3.1ಕ್ಕೆ ಬಂತು. ಪುಣೆಯವರು, ದೆಹಲಿಯವರು! ಅವರ ತಲೆಗೂದಲು ನನ್ನ ಅಂಗಡಿಯಲ್ಲಿ ಯಾವತ್ತೂ ಬಿದ್ದಿಲ್ಲ. ಹುಡುಗನನ್ನು ಬಿಡಿಸಿದೆ, ಕ್ಷಮೆ ಕೇಳಿ ಕನ್ನಡಿ ಪಕ್ಕ ಚೀಟಿ ಅಂಟಿಸಿದೆ. ಎರಡು ತಿಂಗಳ ಬಾಡಿಗೆ ಹೆಂಡತಿಯ ಬಳೆ ಅಡವಿಟ್ಟು ಕಟ್ಟಿದೆ. ಬಳೆ ಇನ್ನೂ ಬಿಡಿಸಿಲ್ಲ.
ಇನ್ನೊಂದು ಮಾತು. 2021ರಲ್ಲಿ ಡಾಬರ್‌ನವರು ಇಬ್ಬರು ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಕರ್ವಾ ಚೌತ್ (ಉತ್ತರದ ಕಡೆ ಗಂಡನಿಗಾಗಿ ಹೆಂಡತಿ ಮಾಡುವ ವ್ರತ) ಮಾಡುವ ಜಾಹೀರಾತು ತೆಗೆದಿದ್ದರು. ಬೇಡ ಅನ್ನುವವರು ಗಲಾಟೆ ಮಾಡಿದ ಮೇಲೆ ವಾಪಸ್ ತೆಗೆದುಕೊಂಡರು. ಈ ಕತ್ತಿ ಎರಡೂ ಕಡೆ ಕೊಯ್ಯತ್ತೆ.

ಹೋಳಿಗೆ ಅತ್ತಿಗೆ
ಕೊಯ್ಯಲಿ. 2013ರಲ್ಲಿ ಇಟಲಿಯ ಬರಿಲ್ಲಾ ಪಾಸ್ತಾ ಮುಖ್ಯಸ್ಥರು ಗೇ ಕುಟುಂಬವನ್ನು ಜಾಹೀರಾತಿನಲ್ಲಿ ತೋರಿಸಲ್ಲ, ಇಷ್ಟವಿಲ್ಲದವರು ಬೇರೆ ಪಾಸ್ತಾ ತಿನ್ನಲಿ ಅಂದಿದ್ದರು. ಜನ ಕೊಳ್ಳಬೇಡಿ ಅಂತ ಎದ್ದಾಗ ಕ್ಷಮೆ ಕೇಳಿದರು, ಕಂಪನಿಯ ನೀತಿಯನ್ನೇ ಬದಲಾಯಿಸಿದರು. ಮತ್ತೆ ಮಾಸ್ಟರ್, ಹುಡುಗ ಅಂಥ ಮಾತು ಎಲ್ಲಿ ಕಲಿತ? ನಿಮ್ಮ ಅಂಗಡಿಯಲ್ಲೇ ಅಲ್ವಾ?

ಕತ್ತರಿ ಮಾಸ್ಟರ್
ನಿಮ್ಮ ಮೂರನೇ ಪಂಕ್ತಿಯವರನ್ನು ಕೇಳಬೇಕು ನಾನು.

ಬಾಡಿಗೆ ಮನೆ ಭೂತ
ಪಾಸ್ತಾ, ಕಾಫಿ ಬಿಡಬಹುದು ಗುರು. ಮನೆ ಬಿಡಕ್ಕಾಗತ್ತಾ? ನಾನು, ನನ್ನವನು ಹದಿನೇಳು ಮನೆ ನೋಡಿದೆವು. ಎಲ್ಲಾ ಕಡೆ 'ಫ್ಯಾಮಿಲಿಗೆ ಮಾತ್ರ'. ಕೊನೆಗೆ ಚಿಕ್ಕಪ್ಪನ ಮಗ ಅಂತ ಸುಳ್ಳು ಹೇಳಿ ಹಿಡಿದೆವು. ಬಾಡಿಗೆ 22,000, ಹತ್ತು ತಿಂಗಳ ಅಡ್ವಾನ್ಸ್, ಅಂದರೆ 2,20,000. ಎಂಟು ತಿಂಗಳಿಗೆ ಓನರ್ ಆಂಟಿಗೆ ಗೊತ್ತಾಯಿತು. "ಮಗಳ ಮದುವೆ ಇದೆ, ಖಾಲಿ ಮಾಡಿ" ಅಂದರು. ಪೇಂಟಿಂಗ್ ಅಂತ 22,000, ಗೀಸರ್ 3,500, ನಲ್ಲಿ 800 ಹಿಡಿದರು. ಗೀಸರ್ ನಾವು ಬರುವ ಮೊದಲೇ ಕೆಟ್ಟಿತ್ತು. ಕೈಗೆ ಬಂದದ್ದು 1,93,700, ಅದೂ ಮೂರು ಕಂತಿನಲ್ಲಿ. 2018ರ ಸೆಪ್ಟೆಂಬರ್ 6ರಂದು ನಮ್ಮಂಥವರ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟಿನ 377ನೇ ಸೆಕ್ಷನ್ ತೀರ್ಪು ಬಂದಾಗ ಆಫೀಸಿನ ಬಾತ್‌ರೂಮಿನಲ್ಲಿ ಕೂತು ಅತ್ತವನು ನಾನು. ಅದರಿಂದ ಪೊಲೀಸರ ಭಯ ಹೋಯಿತು, ಓನರ್ ಭಯ ಹೋಗಲಿಲ್ಲ. ಯಾರನ್ನು ಬಹಿಷ್ಕರಿಸಲಿ, ಇಡೀ ಬಡಾವಣೆಯನ್ನಾ?

ಸೆಕ್ಷನ್ ಸ್ವಾಮಿ
ಎಲ್ಲರೂ ದುಡ್ಡಿನ ಲೆಕ್ಕವೇ ಹೇಳುತ್ತಿದ್ದೀರಿ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲ್‌ಗಳ ಪ್ರವೇಶದ ಬಗ್ಗೆಯೇ ಇದೆ. ಅಲ್ಲಿನ 'ಲಿಂಗ' ಅನ್ನುವ ಪದದೊಳಗೆ ಲಿಂಗ ಗುರುತೂ ಬರುತ್ತದೆ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯ 3ನೇ ಸೆಕ್ಷನ್ ಕೂಡ ನೋಡಿ, ತಾರತಮ್ಯ ಮಾಡಬಾರದು ಅನ್ನುತ್ತದೆ. ದೂರು ಕೊಡಿ. ನಾನು ಒಂದು ಲಾಡ್ಜ್ ಮೇಲೆ ಗೆಳೆಯರ ಪರವಾಗಿ ಕೊಟ್ಟಿದ್ದೇನೆ. ಆರು ಸಲ ಸ್ಟೇಷನ್ ಹತ್ತಿದೆ, ಜೆರಾಕ್ಸ್‌ಗೇ 340 ರೂಪಾಯಿ ಆಯಿತು.

ಬಾಡಿಗೆ ಮನೆ ಭೂತ
ಏನಾಯಿತು ಕೊನೆಗೆ?

ಸೆಕ್ಷನ್ ಸ್ವಾಮಿ
ನಡೀತಿದೆ.

ಸಿಗ್ನಲ್ ದಾಟಿದವಳು
ಆ ಹುಡುಗಿಗೆ ಏನು ಬೇಕು ಅಂತ ಯಾರೂ ಕೇಳಲಿಲ್ಲ ನೋಡಿ. ನಾನೂ ಅವಳ ಥರದವಳೇ. ಈ 'ಬಹಿಷ್ಕಾರ' ಅನ್ನುವ ಪದ ಕೇಳಿದರೆ ನನಗೆ ಊರು ನೆನಪಾಗತ್ತೆ. ಅಲ್ಲಿ ಅದನ್ನು ಹಾಕಿದ್ದು ನಮ್ಮ ಮೇಲೆ. ನಾನು ಮಾಡಿದ್ದು ಉಲ್ಟಾ. ಆಫೀಸಿನ ಹತ್ತಿರದ ಹೋಟೆಲಿನಲ್ಲಿ ಮೂರು ದಿನ ಟೋಕನ್ ಕೊಡಲಿಲ್ಲ. ನಾಲ್ಕನೇ ದಿನವೂ ಚಿಲ್ಲರೆ ಎಣಿಸಿಟ್ಟು ನಿಂತೆ. ಹಿಂದೆ ಕ್ಯೂ ಬೆಳೆಯಿತು. ಯಾರೋ ಅಜ್ಜ "ಕೊಟ್ಟು ಕಳಿಸಯ್ಯ, ನನಗೆ ಬಸ್ಸಿದೆ" ಅಂದರು. ಕೊಟ್ಟರು, ಆದರೆ ಪೇಪರ್ ಲೋಟದಲ್ಲಿ. ಉಳಿದವರಿಗೆಲ್ಲ ಸ್ಟೀಲ್. ಸ್ಟೀಲ್ ಲೋಟ ನನ್ನ ಕೈಗೆ ಬರಲು ಐದು ವಾರ ಬೇಕಾಯಿತು. ಕಾಫಿ ಏನೂ ಚೆನ್ನಾಗಿಲ್ಲ, ಚಿಕೋರಿ ಜಾಸ್ತಿ.

ಹೋಳಿಗೆ ಅತ್ತಿಗೆ
ಬೇಜಾರಾಗಬೇಡಿ, ಆದರೆ ಐದು ವಾರ ಅವಮಾನ ನುಂಗಿ ಅವರಿಗೇ ದುಡ್ಡು ಕೊಟ್ಟಿರಲ್ಲ?

ಸಿಗ್ನಲ್ ದಾಟಿದವಳು
ನಿಮಗೆ ಒಂಬತ್ತು ದಿನದಲ್ಲಿ ಬೇರೆ ಅಡುಗೆಯವರು ಸಿಕ್ಕರು ಮೇಡಂ. ನನಗೆ ಆ ರಸ್ತೆಯಲ್ಲಿ ಇದ್ದದ್ದು ಒಂದೇ ಹೋಟೆಲ್.

ಎರಡು ಮಹಡಿ
ನಾನೊಬ್ಬ ಓನರ್. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಲ್ಲಿ ಮಾಮೂಲಿ. ಗಂಡ-ಹೆಂಡತಿ ಇದ್ದರೂ ಹಿಡಿಯುತ್ತೇವೆ. ಎಲ್ಲದಕ್ಕೂ ತಾರತಮ್ಯ ಅಂದರೆ ಹೇಗೆ?

ಬಾಡಿಗೆ ಮನೆ ಭೂತ
ಎಂಟು ತಿಂಗಳಿಗೆ ಯಾವ ಗೋಡೆ ಬಣ್ಣ ಹೋಗತ್ತೆ ಸಾರ್? ನಾವಾಗಿ ಖಾಲಿ ಮಾಡಿದೆವಾ?

ಕತ್ತರಿ ಮಾಸ್ಟರ್
ಪೇಂಟಿಂಗ್ ವಿಷಯದಲ್ಲಿ ಭೂತದ ಪರ ನಾನು. ನನ್ನ ಅಂಗಡಿ ಓನರೂ ಹೀಗೇ 18,000 ಹಿಡಿದಿದ್ದಾರೆ, ಸುಣ್ಣ ಮಾತ್ರ ಇವತ್ತಿಗೂ ಹೊಡೆಸಿಲ್ಲ.

ಬೀದಿ ಕೊನೆ ಮನೆ
ಎಲ್ಲಾ ಓದಿದೆ. ತಂಗಿ ಗೆಳತಿಯನ್ನು ಕೇಳಿದಳು. "ಇನ್ನೊಂದು ಸಲ ಬರುತ್ತೇನೆ, ನಿಮ್ಮಪ್ಪ ಜೊತೆಗೆ ಬಂದರೆ" ಅಂದಳಂತೆ. ಅಪ್ಪನಿಗೆ ಹೇಳಿದ್ದೇನೆ. ಏನೂ ಮಾತಾಡಲಿಲ್ಲ. ಇವತ್ತು ಬೆಳಿಗ್ಗೆ ಮನೆಯಲ್ಲೇ ಕಾಫಿ ಕೇಳಿದರು. ಡಿಕಾಕ್ಷನ್ ಇಳಿದಿರಲಿಲ್ಲ, ಬೈದರು.