ಮೀನಿನ ಕೋಲ್ಡ್ ಸ್ಟೋರೇಜ್: ಪಾಯ ತೆಗೆಯುವ ಮುಂಚೆ ಯಾರ್ಯಾರು ಕೂತು ಮಾತಾಡ್ಬೇಕು?

ಪ್ರಶ್ನೆ: ಅಂಕೋಲಾ ಹತ್ರ ಮೀನು ತೊಳೆದು, ಫ್ರೀಜ್ ಮಾಡಿ, ಮೈನಸ್ 20 ಡಿಗ್ರಿಯಲ್ಲಿ ಇಡುವ ಘಟಕ ಕಟ್ಟುದಿದೆ. ಸಿವಿಲ್‌ನವ್ರದ್ದು ಒಂದು ನಕ್ಷೆ, ಅಮೋನಿಯಾ ಪ್ಲಾಂಟ್‌ನವ್ರದ್ದು (ಅಮೋನಿಯಾ ಗ್ಯಾಸಿನಿಂದ ಥಂಡಿ ಮಾಡುವ ಯಂತ್ರದವ್ರು) ಮತ್ತೊಂದು. ಕರೆಂಟಿನವ್ರು ಇನ್ನೂ ಜಾಗವೇ ನೋಡ್ಲಿಲ್ಲ. ಮಳೆ ಮುಗಿದ ಕೂಡ್ಲೇ ಪಾಯ. ಇವರನ್ನೆಲ್ಲ ಒಂದೇ ದಾರಿಗೆ ತರುದು ಹೇಗೆ?

ಉತ್ತರ 1: ಮೊದ್ಲು ನೆಲದ ಮಟ್ಟ ತೀರ್ಮಾನ ಆಗ್ಲಿ, ಜಗಳ ಹುಟ್ಟುದೇ ಅಲ್ಲಿ. ಥಂಡಿ ಕೋಣೆಯ ಸ್ಲ್ಯಾಬ್ ಮೇಲೆ ತೇವ ತಡೆಯುವ ಹಾಳೆ, ಅದರ ಮೇಲೆ ಸುಮಾರು 150 ಮಿ.ಮೀ. ಪಫ್ (ಥಂಡಿ ಸೋರದ ಹಾಗೆ ತಡೆಯುವ ಫೋಮ್), ಮತ್ತೆ 100 ಮಿ.ಮೀ. ಕಾಂಕ್ರೀಟ್. ಅಂದ್ರೆ ಆ ಸ್ಲ್ಯಾಬ್ ಪಕ್ಕದ ಹಾಲ್‌ನ ನೆಲಕ್ಕಿಂತ 250 ಮಿ.ಮೀ. ಕೆಳಗಿರ್ಬೇಕು. ಇದನ್ನು ಹೇಳದೆ ಬಿಟ್ರೆ ಸಿವಿಲ್‌ನವ್ರು ಒಂದೇ ಮಟ್ಟಕ್ಕೆ ಎಳೀತಾರೆ, ಬಾಗ್ಲಲ್ಲಿ ಒಂದು ಮೆಟ್ಲು ನಿಲ್ತದೆ, ಟ್ರಾಲಿ ಒಳಗೆ ಹೋಗುದಿಲ್ಲ.

ಹಾಳೆ ಪಫ್‌ನ ಕೆಳಗೇ ಇರ್ಲಿ. ಮೇಲೆ ಹಾಕಿದ್ರೆ ಮಣ್ಣಿನ ತೇವ ಪಫ್‌ಗೆ ಏರಿ ಅಲ್ಲೇ ಮಂಜುಗಡ್ಡೆ ಆಗ್ತದೆ. ಇನ್ನು ಕೆಲವು ವರ್ಷಕ್ಕೆ ಥಂಡಿ ಇಳಿದು ಅಡಿಯ ಒದ್ದೆ ಮಣ್ಣೂ ಹೆಪ್ಪುಗಟ್ಟಿ ಉಬ್ತದೆ, ನೆಲ ಸೀಳ್ತದೆ. ಅದಕ್ಕೇ ಹೊರಗಿನ ಗಾಳಿ ಆಡಿ ಮಣ್ಣು ಹೆಪ್ಪುಗಟ್ಟದ ಹಾಗೆ ಸ್ಲ್ಯಾಬ್ ಕೆಳಗೆ ಗಾಳಿ ಪೈಪು ಇಡುದು. ನಮ್ಮ ಕಡೆ ಮಳೆಗೆ ಒರತೆ ಏಳುವ ಜಾಗ ಆದ್ರೆ ಪೈಪಿಗೆ ನೀರು ನುಗ್ಗಿ ಗಾಳಿಯೇ ಆಡುದಿಲ್ಲ. ಅಂಥಲ್ಲಿ ಹೀಟರ್ ಮ್ಯಾಟ್ (ಪಫ್‌ನ ಅಡಿಗೆ ಹಾಸುವ, ಕರೆಂಟಿನಿಂದ ಬೆಚ್ಚಗಾಗುವ ಚಾಪೆ) ವಾಸಿ.

ಉತ್ತರ 2: ಆ ಹೀಟರ್ ಯಾರ ಲೆಕ್ಕಕ್ಕೆ? ಮ್ಯಾಟ್, ಬಾಗ್ಲ ಚೌಕಟ್ಟಿನ ಹೀಟರ್, ಡೀಫ್ರಾಸ್ಟ್ ನೀರಿನ (ಕೂಲರ್ ಮೇಲಿನ ಮಂಜು ಕರಗಿದ ನೀರು) ಪೈಪಿಗೆ ಸುತ್ತುವ ಹೀಟರ್ ಟೇಪ್, ಮೂರೂ ಪ್ಲಾಂಟ್‌ನವ್ರ ಕೊಟೇಶನ್‌ನಲ್ಲೂ ಇರುದಿಲ್ಲ, ಕರೆಂಟಿನವ್ರ ಲೋಡ್ ಪಟ್ಟಿಯಲ್ಲೂ ಇರುದಿಲ್ಲ. ಹೆಸರು ಬರೆದು ಒಬ್ಬರಿಗೆ ಹಚ್ಚಿ. ಜನರೇಟರ್ ಅಳತೆಗೂ ಇವು ಸೇರ್ಬೇಕು. ಉಳಿದದ್ದೆಲ್ಲ ಓಡ್ತಿರುವಾಗ ದೊಡ್ಡ ಕಂಪ್ರೆಸರ್ ಸ್ಟಾರ್ಟ್ ಆಗ್ಬೇಕು ಅನ್ನುದೇ ಲೆಕ್ಕ. ಅಮೋನಿಯಾ ಕೋಣೆಯಲ್ಲಿ ತಾಮ್ರ, ಹಿತ್ತಾಳೆ ಬೇಡವೇ ಬೇಡ, ತೇವದ ಜೊತೆ ಸೇರಿ ತಿಂದು ಹಾಕ್ತದೆ. ಗ್ಯಾಸ್ ಸೋರಿದ್ರೆ ಒಳಗೆ ಹೋಗದೆ ಹಾಕ್ಲಿಕ್ಕೆ ಎಕ್ಸಾಸ್ಟ್ ಫ್ಯಾನ್ ಸ್ವಿಚ್ ಬಾಗ್ಲ ಹೊರಗಿರ್ಲಿ.

ಉತ್ತರ 3: ಮೀನು ಸಂಭಾಳಿಸುವ ಸೂಪರ್‌ವೈಸರನ್ನು ಮೊದಲ ಮೀಟಿಂಗಿಗೇ ಕರೀರಿ. ಬುಟ್ಟಿ ಇಳಿಸುವ ಕಡೆಯಿಂದ ಪ್ಯಾಕಿಂಗ್ ಕಡೆಗೆ ಮೀನು, ಪ್ಯಾಕಿಂಗ್ ಕಡೆಯಿಂದ ಬುಟ್ಟಿ ಇಳಿಸುವ ಕಡೆಗೆ ಗಟಾರದ ನೀರು. ಹಾಲ್‌ಗೆ 100ಕ್ಕೆ 1ರ ಇಳಿಜಾರು. ಈ ಗೆರೆ ಎಳೆಯದೆ ಗೋಡೆ ಎಳೀಬೇಡಿ.

ಉತ್ತರ 4: ಗೋಡೆ, ನೆಲದಲ್ಲಿ ಬಿಡುವ ತೂತಿನ ಪಟ್ಟಿ ಮಾಡಿದ್ರಾ? ಪೈಪ್, ಕೇಬಲ್, ಡ್ರೈನ್ ಪ್ರತಿಯೊಂದಕ್ಕೂ ನಂಬರ್, ಅಗಲ, ಮುಗಿದ ನೆಲದಿಂದ ಎತ್ತರ, ಕೊರೆಯುವವರು ಯಾರು, ಮುಚ್ಚುವವರು ಯಾರು. ಆಮೇಲೆ ಕೊರೆದು ಹಾಗೇ ಬಿಟ್ಟ ತೂತಿನ ಸುತ್ತ ಪ್ಯಾನೆಲ್ (ಥಂಡಿ ಕೋಣೆಯ ಫೋಮ್ ತುಂಬಿದ ಗೋಡೆ ಹಲಗೆ) ಒಳಗೆ ಮಂಜು ಕಟ್ತದೆ.

ಪ್ರಶ್ನೆ ಕೇಳಿದವರು: ಸೀಲಿಂಗ್‌ಗೆ ನೇತು ಹಾಕುವ ಕೂಲರ್ (ಕೋಣೆಗೆ ಥಂಡಿ ಗಾಳಿ ಬೀಸುವ ಯಂತ್ರ) ತೂಕ ಎಷ್ಟು ಅಂತ ಹಿಡಿಯುದು?

ಉತ್ತರ 1: ಮಂಜು ಕಟ್ಟಿದ ತೂಕ ಕೇಳಿ ಸ್ಟ್ರಕ್ಚರಲ್‌ನವ್ರಿಗೆ ಕೊಡಿ, ಕ್ಯಾಟಲಾಗ್‌ನ ಒಣ ತೂಕ ಅಲ್ಲ.