ಕೊಲೆಗಾರ ಯಾರೆಂದು ಗೊತ್ತಾದ ಮೇಲೂ ಓದಿಸಿಕೊಳ್ಳುವ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳು ಯಾವುವು?

ಮರುಓದು:
ಶೆರ್ಲಾಕ್ ಹೋಮ್ಸ್‌ನ ನಾಲ್ಕು ಕಾದಂಬರಿಗಳನ್ನೂ ಅಗಾಥಾ ಕ್ರಿಸ್ಟಿಯವರ ಬಹುಪಾಲು ಪುಸ್ತಕಗಳನ್ನೂ ಓದಿದ್ದೇನೆ. ಈಗ ಅವನ್ನೇ ಮತ್ತೆ ಕೈಗೆತ್ತಿಕೊಂಡರೆ ಕೆಲವು ಹತ್ತು ಪುಟಕ್ಕೇ ಸಪ್ಪೆಯಾಗುತ್ತವೆ. 'ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್' (1934) ಮೊದಲ ಸಲ ನನ್ನನ್ನು ಬೆರಗುಗೊಳಿಸಿತ್ತು; ಗುಟ್ಟು ತಿಳಿದ ಮೇಲೆ ಪ್ರಯಾಣಿಕರ ವಿಚಾರಣೆಯ ಅಧ್ಯಾಯಗಳು ಬರೀ ಲೆಕ್ಕದಂತೆ ಕಂಡವು. 'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್' (1902) ಹಾಗಾಗಲಿಲ್ಲ. ಡಾರ್ಟ್‌ಮೂರ್‌ನ ಜೌಗು ನೆಲ, ಹೋಟೆಲಿನಲ್ಲಿ ಮೊದಲು ಹೊಸ ಬೂಟು ಕಳುವಾಗಿ ಆಮೇಲೆ ಹಳೆಯ ಬೂಟೂ ಕಾಣೆಯಾಗುವ ಪ್ರಸಂಗ, ಇವೆಲ್ಲ ಕಾರಣ ಗೊತ್ತಿದ್ದೂ ಹಿಡಿದು ಕೂರಿಸುತ್ತವೆ. ಇಂಥ ಮರುಓದಿಗೆ ಒದಗುವ ಬೇರೆ ಲೇಖಕರು ಯಾರು? ದಯವಿಟ್ಟು ಅಪರಾಧಿಯ ಹೆಸರನ್ನು ಯಾರೂ ಬಿಟ್ಟುಕೊಡಬೇಡಿ.

ಹಳೆಯ ಕಪಾಟು:
ನನ್ನ ಉತ್ತರ ವಿಲ್ಕಿ ಕಾಲಿನ್ಸ್ ಅವರ 'ದಿ ಮೂನ್‌ಸ್ಟೋನ್'. 1868ರಲ್ಲಿ ಡಿಕನ್ಸ್ ನಡೆಸುತ್ತಿದ್ದ 'ಆಲ್ ದಿ ಇಯರ್ ರೌಂಡ್' ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿ ಆರಂಭವಾಗುವುದೇ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಿಂದ. ಅಲ್ಲಿ ಲೂಟಿಯಾದ ವಜ್ರವೊಂದು ಯಾರ್ಕ್‌ಶೈರ್‌ನ ಮನೆಯೊಂದಕ್ಕೆ ಬಂದು, ಹುಟ್ಟುಹಬ್ಬದ ರಾತ್ರಿಯೇ ಕಾಣೆಯಾಗುತ್ತದೆ.

ಕಳ್ಳತನದ ಗುಟ್ಟು ತಿಳಿದವರಿಗೂ ಇದು ಹಳತಾಗದಿರುವುದಕ್ಕೆ ಕಾರಣ, ಕಥೆಯನ್ನು ಹೇಳುವವರು ಹಲವರಾಗಿದ್ದು ಪ್ರತಿಯೊಬ್ಬರೂ ತಮಗೆ ಕಂಡಷ್ಟನ್ನೇ ತಮ್ಮದೇ ಧಾಟಿಯಲ್ಲಿ ಹೇಳುವುದು. ಮುದಿ ಮೇಲ್ವಿಚಾರಕ ಬೆಟರೆಜ್‌ಗೆ ಯಾವ ಸಂಕಟ ಬಂದರೂ 'ರಾಬಿನ್ಸನ್ ಕ್ರೂಸೋ' ತೆರೆದರೆ ಪರಿಹಾರ ಸಿಕ್ಕೇ ಸಿಗುತ್ತದೆಂಬ ನಂಬಿಕೆ. ಮಿಸ್ ಕ್ಲಾಕ್ ಎಂಬ ಮಹಾಸಾತ್ವಿಕಿಯಂತೂ ಕಾಯಿಲೆಯ ಚಿಕ್ಕಮ್ಮನನ್ನು ಉದ್ಧರಿಸಲು ಧರ್ಮೋಪದೇಶದ ಕಿರುಪುಸ್ತಕಗಳನ್ನು ಸೋಫಾದ ಕೆಳಗೆ, ಹೂಗಿಡಗಳ ನಡುವೆ ಬಚ್ಚಿಟ್ಟು ಹೋಗುತ್ತಾಳೆ. ತನಿಖೆಗೆ ಬಂದ ಸಾರ್ಜೆಂಟ್ ಕಫ್ ಕೂಡ ಬಿಡುವು ಸಿಕ್ಕಿತೆಂದರೆ ಗುಲಾಬಿಗೆ ಕಸಿ ಕಟ್ಟಬೇಕೇ ಬೇಡವೇ ಎಂದು ತೋಟದವನೊಡನೆ ವಾದಕ್ಕೆ ನಿಲ್ಲುತ್ತಾನೆ. ಕೊನೆಯ ಭಾಗದ ವೈದ್ಯಕೀಯ ಪ್ರಯೋಗವನ್ನು ನಂಬುವುದು ನನಗೆ ಈಗಲೂ ಕಷ್ಟ, ಆದರೆ ಅಲ್ಲಿಯವರೆಗೆ ಬಂದವರು ಅದನ್ನು ಕ್ಷಮಿಸಿಬಿಡುತ್ತಾರೆ.

ಗಂಟೆಗೋಪುರ:
ಡೊರೊತಿ ಸೇಯರ್ಸ್ ಅವರನ್ನು ಮರೆಯಬೇಡಿ. 'ದಿ ನೈನ್ ಟೇಲರ್ಸ್' (1934) ಕಾದಂಬರಿಯಲ್ಲಿ ಅವರ ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿಯ ಕಾರು ಹೊಸ ವರ್ಷದ ಹಿಂದಿನ ದಿನ ಹಿಮದಲ್ಲಿ ಹಳ್ಳಕ್ಕೆ ಜಾರುತ್ತದೆ. ಆಶ್ರಯ ಪಡೆದ ಹಳ್ಳಿಯ ಚರ್ಚಿನಲ್ಲಿ ಗಂಟೆ ಬಾರಿಸುವವನೊಬ್ಬ ಜ್ವರ ಹಿಡಿದು ಮಲಗಿರುವುದರಿಂದ, ಅವನ ಬದಲಿಗೆ ವಿಮ್ಸಿ ರಾತ್ರಿಯಿಡೀ ಒಂಬತ್ತು ತಾಸು ಹಗ್ಗ ಎಳೆಯುತ್ತಾನೆ. ಗಂಟೆಗಳ ಸರದಿಯ ಕ್ರಮವಾಗಲಿ, ಪೂರ್ವ ಇಂಗ್ಲೆಂಡಿನ ಫೆನ್ಸ್ ಎಂಬ ತಗ್ಗು ಜೌಗು ಪ್ರದೇಶದ ಕಾಲುವೆಗಳಾಗಲಿ ಅಲ್ಲಿ ಅಲಂಕಾರಕ್ಕೆ ಬಂದವಲ್ಲ, ಕಥೆ ಕಟ್ಟಿರುವುದೇ ಅವುಗಳಿಂದ.

ಸೇಯರ್ಸ್ ಲಂಡನ್ನಿನ ಜಾಹೀರಾತು ಸಂಸ್ಥೆಯೊಂದರಲ್ಲಿ ಕೆಲಸ ಮಾಡಿದ್ದವರು. 'ಮರ್ಡರ್ ಮಸ್ಟ್ ಅಡ್ವರ್ಟೈಸ್' (1933) ಓದುವಾಗ ಸುರುಳಿ ಮೆಟ್ಟಿಲಿನಿಂದ ಬಿದ್ದು ಸತ್ತವನಿಗಿಂತ ಆ ಕಚೇರಿಯ ಹರಟೆ, ಗಡಿಬಿಡಿಗಳೇ ನನಗೆ ಹೆಚ್ಚು ನೆನಪಿನಲ್ಲಿ ಉಳಿದಿವೆ.

ವಿಷವೈದ್ಯ:
ಕ್ರಿಸ್ಟಿಯವರನ್ನು ಇಷ್ಟು ಬೇಗ ಪಕ್ಕಕ್ಕಿಡುವುದನ್ನು ನಾನು ಒಪ್ಪುವುದಿಲ್ಲ. 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' (1926) ಎರಡನೆಯ ಓದಿಗಾಗಿಯೇ ಬರೆದಂತಿದೆ. ಮೊದಲ ಸಲ ಸಲೀಸಾಗಿ ದಾಟಿಹೋದ ವಾಕ್ಯಗಳೇ ಎರಡನೆಯ ಸಲ ತಡೆದು ನಿಲ್ಲಿಸುತ್ತವೆ, ಮತ್ತು ಲೇಖಕಿ ಎಷ್ಟನ್ನು ನಮ್ಮ ಕಣ್ಣೆದುರಿಗೇ ಇಟ್ಟಿದ್ದರೆಂಬುದು ಆಗ ತಿಳಿಯುತ್ತದೆ. ಇದು ಓದುಗರಿಗೆ ಮಾಡಿದ ಮೋಸವೆಂದು ಅಂದಿನ ಕೆಲವರು ಸಿಟ್ಟಾದಾಗ ಕ್ರಿಸ್ಟಿಯವರ ಪರವಾಗಿ ಮಾತಾಡಿದವರು ಇದೇ ಸೇಯರ್ಸ್. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ದುಡಿದಿದ್ದ ಕ್ರಿಸ್ಟಿ ವಿಷಗಳ ವಿಷಯದಲ್ಲಿ ತಡವರಿಸುವುದೂ ಅಪರೂಪ.

ಇನ್ನೊಂದು ಹೆಸರು ಆಂಥನಿ ಬರ್ಕ್ಲಿ. ಅವರ 'ದಿ ಪಾಯ್ಸನ್ಡ್ ಚಾಕೊಲೆಟ್ಸ್ ಕೇಸ್' (1929) ಕಾದಂಬರಿಯಲ್ಲಿ ಕ್ಲಬ್ಬಿನ ಸದಸ್ಯನೊಬ್ಬನಿಗೆ ಅಂಚೆಯಲ್ಲಿ ಬಂದ ಚಾಕೊಲೆಟ್ ಡಬ್ಬಿ ಇನ್ನೊಬ್ಬನ ಕೈ ಸೇರಿ, ಅವನ ಹೆಂಡತಿ ಸಾಯುತ್ತಾಳೆ. ಆರು ಜನ ಹವ್ಯಾಸಿ ತನಿಖೆಗಾರರು ಒಬ್ಬರಾದ ಮೇಲೊಬ್ಬರು ಎದ್ದು ನಿಂತು ಆರು ಬೇರೆ ಬೇರೆ ಉತ್ತರಗಳನ್ನು ಮಂಡಿಸುತ್ತಾರೆ. ಕೊನೆಯ ಉತ್ತರ ಗೊತ್ತಿದ್ದರೂ ಉಳಿದ ಐದು ಎಲ್ಲಿ ಎಡವಿದವೆಂದು ಹುಡುಕುವ ಕೆಲಸ ಬಾಕಿ ಇರುತ್ತದೆ.

ಇತಿಹಾಸಾಸಕ್ತ:
ಜೋಸೆಫೀನ್ ಟೇ ಅವರ 'ದಿ ಡಾಟರ್ ಆಫ್ ಟೈಮ್' (1951) ಈ ಪ್ರಶ್ನೆಯ ಗೊಡವೆಗೇ ಸಿಗುವುದಿಲ್ಲ. ಕಾಲು ಮುರಿದು ಆಸ್ಪತ್ರೆಯ ಹಾಸಿಗೆಯಲ್ಲಿರುವ ಇನ್‌ಸ್ಪೆಕ್ಟರ್ ಗ್ರಾಂಟ್, ಇಂಗ್ಲೆಂಡಿನ ದೊರೆ ಮೂರನೆಯ ರಿಚರ್ಡ್‌ನ ಭಾವಚಿತ್ರ ನೋಡಿ, ಈ ಮುಖದವನು ತನ್ನ ಅಣ್ಣನ ಮಕ್ಕಳಿಬ್ಬರನ್ನು ಕೊಲ್ಲಿಸಿರಬಹುದೇ ಎಂದು ಹಳೆಯ ದಾಖಲೆಗಳನ್ನು ಕೆದಕುತ್ತಾನೆ. ಅವನು ಮುಟ್ಟುವ ತೀರ್ಮಾನವನ್ನು ಬಹಳಷ್ಟು ಇತಿಹಾಸಕಾರರು ಒಪ್ಪುವುದಿಲ್ಲವಾದ್ದರಿಂದ ಇದನ್ನು ಇತಿಹಾಸವೆಂದು ಓದದೆ ವಾದವೆಂದು ಓದುವುದು ಒಳ್ಳೆಯದು.

ಮರುಓದು:
ಎಲ್ಲರಿಗೂ ಧನ್ಯವಾದಗಳು. 'ಮೂನ್‌ಸ್ಟೋನ್'ನಿಂದ ಆರಂಭಿಸುತ್ತೇನೆ. ಸೇಯರ್ಸ್ ಅವರ ಪುಸ್ತಕಗಳನ್ನು ಪ್ರಕಟವಾದ ಕ್ರಮದಲ್ಲೇ ಓದಬೇಕೇ?

ಗಂಟೆಗೋಪುರ:
ನಾನು ಹೇಳಿದ ಎರಡಕ್ಕೂ ಕ್ರಮದ ಹಂಗಿಲ್ಲ. ವಿಮ್ಸಿ ಮನಸೋಲುವ ಲೇಖಕಿ ಹ್ಯಾರಿಯೆಟ್ ವೇನ್ ಬರುವ 'ಸ್ಟ್ರಾಂಗ್ ಪಾಯ್ಸನ್' (1930), 'ಹ್ಯಾವ್ ಹಿಸ್ ಕಾರ್ಕೇಸ್' (1932), 'ಗಾಡಿ ನೈಟ್' (1935) ಇವನ್ನು ಮಾತ್ರ ಇದೇ ಸಾಲಿನಲ್ಲಿ ಓದಿ. ವಿಮ್ಸಿಯ ಮದುವೆಯ ಪ್ರಸ್ತಾಪಕ್ಕೆ ಅವಳು ಮೊದಲು ಕೊಡುವ ಉತ್ತರ ಏನೆಂದು ತಿಳಿಯದೆ ಮೂರನೆಯದನ್ನು ಹಿಡಿದರೆ ಅದರ ಅರ್ಧ ಸ್ವಾರಸ್ಯ ಕೈತಪ್ಪುತ್ತದೆ.